ಪತ್ರಿಕೋದ್ಯಮ ಓದಬೇಕಾ, ಬೇರೇನಾದರೂ ಓದಿ ಪತ್ರಕರ್ತೆ ಆಗಬೇಕಾ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯವಳು. ಈ ವರ್ಷ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಪಾಸಾದೆ. ಪತ್ರಕರ್ತೆ ಆಗಬೇಕು ಅನ್ನೋ ಆಸೆ ಹೈಸ್ಕೂಲಿನಿಂದ ಇದೆ. ಬಿಎಯಲ್ಲಿ ಪತ್ರಿಕೋದ್ಯಮ ತೆಗೆದುಕೊಳ್ಳಲು ಮೈಸೂರಿಗೆ ಹೋಗಬೇಕಾ, ಇಲ್ಲ ಮಂಡ್ಯದಲ್ಲೇ ಬೇರೆ ವಿಷಯ ಓದಿ ಆಮೇಲೆ ಎಂಎ ಮಾಡಬಹುದಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಾರೆ. ‘ಆ ಕೆಲಸದಲ್ಲಿ ಸಂಬಳ ಇಲ್ಲ, ರಾತ್ರಿಯೆಲ್ಲ ಡ್ಯೂಟಿ’ ಅಂತ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ. ಸ್ನೇಹಿತರು ಯೂಟ್ಯೂಬ್ ಚಾನೆಲ್ ಶುರು ಮಾಡು ಅನ್ನುತ್ತಾರೆ. ನಮ್ಮೂರಿನ ನಾಲೆ ಬಗ್ಗೆ ಬರೆದ ಒಂದು ಬರಹ ಜೊತೆಗಿದೆ, ನೋಡಿ ಹೇಳಿ.

ಉತ್ತರ: ಎರಡು ದಾರಿಯಲ್ಲೂ ಹೋಗಬಹುದು. ಎರಡರಿಂದಲೂ ಒಳ್ಳೆಯ ಪತ್ರಕರ್ತರು ಬಂದಿದ್ದಾರೆ. ನನ್ನನ್ನೇ ಕೇಳಿದರೆ, ಬಿಎಯ ಮೂರು ವಿಷಯದಲ್ಲಿ ಪತ್ರಿಕೋದ್ಯಮ ಒಂದಿರಲಿ. ಉಳಿದ ಎರಡು ಗಟ್ಟಿ ವಿಷಯ ಆಗಿರಲಿ. ಅರ್ಥಶಾಸ್ತ್ರ ಸಿಕ್ಕರೆ ಬಿಡಬೇಡಿ, ಅದರ ಜೊತೆಗೆ ರಾಜ್ಯಶಾಸ್ತ್ರ. ಈ ಕಾಂಬಿನೇಶನ್ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಅರ್ಜಿ ಹಾಕುವ ಮೊದಲು ಕಾಲೇಜಿಗೇ ಹೋಗಿ ಪ್ರಾಸ್ಪೆಕ್ಟಸ್ ನೋಡಿ. ಮಂಡ್ಯದಲ್ಲಿ ಅರ್ಥಶಾಸ್ತ್ರ ಸಿಕ್ಕಿ ಪತ್ರಿಕೋದ್ಯಮ ಸಿಗಲಿಲ್ಲ ಅಂದರೂ ತಲೆ ಕೆಡಿಸಿಕೊಳ್ಳಬೇಡಿ. ಪತ್ರಿಕೋದ್ಯಮದ ಎಂಎಗೆ ಸಾಮಾನ್ಯವಾಗಿ ಬೇರೆ ಡಿಗ್ರಿ ಮಾಡಿದವರನ್ನೂ ಸೇರಿಸಿಕೊಳ್ಳುತ್ತಾರೆ. ಆ ವರ್ಷದ ಅಧಿಸೂಚನೆ ಒಮ್ಮೆ ನೋಡಿಕೊಂಡರೆ ಆಯಿತು.

ಅರ್ಥಶಾಸ್ತ್ರಕ್ಕೆ ಯಾಕೆ ಇಷ್ಟು ಒತ್ತಾಯ ಅಂತೀರಾ? ಇಂಟ್ರೋ, ಅಂದರೆ ಸುದ್ದಿಯ ಮೊದಲ ಪ್ಯಾರಾ, ಬರೆಯುವುದು, ಹೆಡ್‌ಲೈನ್ ಕೊಡುವುದು, ಪುಟ ಕಟ್ಟುವುದು ಇವೆಲ್ಲ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಆರು ತಿಂಗಳು ಬೈಸಿಕೊಂಡರೆ ಬರುತ್ತವೆ. ಬಜೆಟ್ ಪುಸ್ತಕ ಓದುವುದು, ಒಂದು ಸರ್ಕಾರಿ ಆದೇಶದ ಒಳಗೆ ಏನು ಅಡಗಿದೆ ಅಂತ ನೋಡುವುದು ಹಾಗೆ ಬರುವುದಿಲ್ಲ. ನಮ್ಮ ಜಿಲ್ಲಾ ಬ್ಯೂರೋಗಳಲ್ಲಿ ಚೆಂದ ಬರೆಯುವವರಿಗೆ ಕೊರತೆ ಇಲ್ಲ. ಲೆಕ್ಕ ಓದಬಲ್ಲವರಿಗೆ ಭಾರಿ ಕೊರತೆ.

ಅದಕ್ಕೇ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ‘ಅಪ್ಪ ಕಬ್ಬು, ಭತ್ತ ಬೆಳೆಯುತ್ತಾರೆ’ ಅನ್ನೋ ಸಾಲು. ನೀವು ಅದನ್ನು ಬಡತನದ ವಿವರದ ಹಾಗೆ ಬರೆದಿದ್ದೀರಿ. ಈ ಕೆಲಸದಲ್ಲಿ ಅದೇ ನಿಮ್ಮ ಬಂಡವಾಳ. ಮಂಡ್ಯ ಜಿಲ್ಲೆಯ ದೊಡ್ಡ ಸುದ್ದಿಗಳು ಎರಡೇ ಕಡೆಯಿಂದ ಬರುತ್ತವೆ ಅಂದರೂ ತಪ್ಪಿಲ್ಲ: ಒಂದು ನಾಲೆ, ಇನ್ನೊಂದು ಸಕ್ಕರೆ ಕಾರ್ಖಾನೆ. ಎರಡೂ ನಿಮಗೆ ಮನೆ ಮುಂದಿನ ವಿಷಯ. ಬೆಂಗಳೂರಿನಿಂದ ಬರುವ ವರದಿಗಾರನಿಗೆ ಒಟ್ಲು (ಭತ್ತದ ಸಸಿ ಮಡಿ) ಅಂದರೇನು, ತೂಬು (ನಾಲೆಯಿಂದ ಜಮೀನಿಗೆ ನೀರು ಬಿಡುವ ಕಂಡಿ) ಅಂದರೇನು, ಕಟ್ಟು ನೀರು (ಸರದಿ ಪ್ರಕಾರ ಬಿಟ್ಟು ನಿಲ್ಲಿಸುವ ನೀರು) ಅಂದರೇನು ಅಂತ ಮೊದಲ ದಿನ ಪಾಠ ಮಾಡಬೇಕು.

ಆದರೆ ಮನೆಯಲ್ಲಿ ಗೊತ್ತಿರುವುದು ಬೇರೆ, ವರದಿಗಾರ್ತಿಗೆ ಗೊತ್ತಿರಬೇಕಾದದ್ದು ಬೇರೆ. ಕಬ್ಬನ್ನೇ ತೆಗೆದುಕೊಳ್ಳಿ. ‘ಕಾರ್ಖಾನೆಯವರು ದುಡ್ಡು ಕೊಟ್ಟಿಲ್ಲ’ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ವರದಿ ಶುರುವಾಗುವುದು ಅದರ ಮುಂದಿನ ಪ್ರಶ್ನೆಯಿಂದ. ಕಬ್ಬು ಕೊಟ್ಟು ಎಷ್ಟು ದಿನ ಆಯಿತು? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿ ಯಾರಿಗಾದರೂ ಬಂದಿದೆಯಾ? ಹತ್ತು ಜನ ರೈತರನ್ನು ಕೇಳಿ, ಪಾಸ್‌ಬುಕ್ ತೋರಿಸಿ ಅನ್ನಿ. ಅಲ್ಲೇ ಒಂದು ಸುದ್ದಿ ಇರುತ್ತದೆ.

ದರದ ವಿಷಯವೂ ಹಾಗೇ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ ನಿಗದಿ ಮಾಡಿತು. ಟನ್ನಿಗೆ 3,550 ಅಂತ ಎಲ್ಲರೂ ಬರೆದರು. ಅದು ಶೇ 10.25 ಇಳುವರಿ ಬಂದರೆ ಮಾತ್ರ. ಇಲ್ಲಿ ಇಳುವರಿ ಅಂದರೆ ಎಕರೆಗೆ ಎಷ್ಟು ಟನ್ ಅಂತ ಅಲ್ಲ, ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಅಂತ. ಇಳುವರಿ ಶೇ 0.1 ಕಮ್ಮಿಯಾದಂತೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಇಳಿಯುತ್ತಾ ಹೋಗುತ್ತದೆ. ಶೇ 9.5ಕ್ಕಿಂತ ಕೆಳಗೆ ಹೋದರೆ 329 ರೂಪಾಯಿ 5 ಪೈಸೆಗೆ ನಿಲ್ಲುತ್ತದೆ. ಇದು ಕಾರ್ಖಾನೆ ಬಾಗಿಲಿನ ದರ ಆದ್ದರಿಂದ ಕಟಾವು, ಸಾಗಣೆ ಖರ್ಚು ಇದರಲ್ಲೇ ಮುರಿದುಕೊಳ್ಳುತ್ತಾರೆ. ಆಮೇಲೆ ರೈತನ ಕೈಗೆ ಬಂದದ್ದು ಎಷ್ಟು? ಇಳುವರಿ ಅಳೆದವರು ಯಾರು? ಅಪ್ಪನ ಹತ್ತಿರ ಕಾರ್ಖಾನೆಯ ಬಿಲ್ ಇರುತ್ತದಲ್ಲ, ಅದನ್ನು ಹರವಿಕೊಂಡು ಒಂದು ಸಂಜೆ ಕೂತು ಲೆಕ್ಕ ಹಾಕಿ. ಮೂರು ವರ್ಷದ ಪಠ್ಯಪುಸ್ತಕದಲ್ಲಿ ಇಲ್ಲದ ಪಾಠ ಅದರಲ್ಲಿದೆ.

ನೀರಿನ ಲೆಕ್ಕ ಇನ್ನೂ ಸುಲಭ, ಆದರೂ ಜನ ತಪ್ಪುತ್ತಲೇ ಇರುತ್ತಾರೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಭಾಗಿಸಿ ನೋಡಿ, ಸುಮಾರು 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಇದೊಂದು ತಲೆಯಲ್ಲಿದ್ದರೆ ಕೆಆರ್‌ಎಸ್‌ನಿಂದ ಎಷ್ಟು ಬಿಟ್ಟರು, ಎಷ್ಟು ಉಳಿಯಿತು ಅಂತ ಮಂತ್ರಿ ಹೇಳುವಾಗಲೇ ಮನಸ್ಸಿನಲ್ಲಿ ತಾಳೆ ಹಾಕಬಹುದು. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಅಂತ ಮಂಡ್ಯದ ಮಕ್ಕಳಿಗೂ ಗೊತ್ತು. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್‌ನ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು, ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಕೊಡಬೇಕಾದದ್ದು 177.25 ಟಿಎಂಸಿಗೆ ಇಳಿಯಿತು ಅನ್ನೋದು ಎಷ್ಟು ವರದಿಗಾರರಿಗೆ ಬಾಯಲ್ಲಿದೆ? ನಿಮ್ಮ ನಾಲೆಗೆ ನೀರು ಬರುವುದಕ್ಕೂ ಆ ಅಂಕಿಗೂ ಸಂಬಂಧ ಇದೆ.

ಇನ್ನು ಮೈಸೂರು. ಮೈಸೂರಿಗೆ ಹೆಸರು ಸುಮ್ನೆ ಬಂದದ್ದಲ್ಲ. ತಾತಯ್ಯ ಅಂತಲೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯ ‘ವೃತ್ತಾಂತ ಚಿಂತಾಮಣಿ’ ನಡೆಸಿದ ಊರು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ ಊರು. ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋಗಿದ್ದು ಅಲ್ಲಿಂದಲೇ. ಅದೇ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿ ಪತ್ರಿಕೋದ್ಯಮ ವಿಭಾಗ ತೆರೆದರು. ಇದೆಲ್ಲ ಕೇಳಲು ಹೆಮ್ಮೆ. ನಿಮಗೆ ಕೆಲಸ ಕೊಡಿಸುವುದು ಮಾತ್ರ ಇದಲ್ಲ.

ಮೈಸೂರಿಗೆ ಹೋದರೆ ನಿಜವಾದ ಲಾಭ ತರಗತಿಯ ಹೊರಗಿದೆ. ಒಂದು ಊರಿನಿಂದಲೇ ಇಷ್ಟು ಸ್ಥಳೀಯ ದಿನಪತ್ರಿಕೆ ಬರುವುದು ರಾಜ್ಯದಲ್ಲಿ ಅಪರೂಪ. ‘ಆಂದೋಲನ’ 1972ರಲ್ಲಿ ಧಾರವಾಡದಲ್ಲಿ ಹುಟ್ಟಿ ಮೈಸೂರಿಗೆ ಬಂದ ಪತ್ರಿಕೆ. ‘ಮೈಸೂರು ಮಿತ್ರ’ ಮತ್ತು ಇಂಗ್ಲಿಷಿನ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’ ಒಂದೇ ಬಳಗದವು. ರಾಜ್ಯಮಟ್ಟದ ಪತ್ರಿಕೆಗಳ ಬ್ಯೂರೋ ಬೇರೆ ಇವೆ. ಎರಡನೇ ವರ್ಷದ ರಜೆಯಲ್ಲಿ ಇಂಟರ್ನ್‌ಶಿಪ್ ಕೇಳಿಕೊಂಡು ಹೋಗಲು ಬಾಗಿಲು ಜಾಸ್ತಿ. ಸಣ್ಣ ಪತ್ರಿಕೆಗೆ ಹೋಗಲು ಹಿಂಜರಿಯಬೇಡಿ. ಅಲ್ಲಿ ಜನ ಕಮ್ಮಿ ಇರುತ್ತಾರೆ, ಆದ್ದರಿಂದ ನಿಮಗೆ ಕೆಲಸ ಸಿಗುತ್ತದೆ. ದೊಡ್ಡ ಕಚೇರಿಯಲ್ಲಿ ಇಂಟರ್ನ್ ಅಂದರೆ ತಿಂಗಳಿಡೀ ಪ್ರೆಸ್‌ನೋಟ್ ಟೈಪ್ ಮಾಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವುದೂ ಉಂಟು.

ಹಾಸ್ಟೆಲ್ ಖರ್ಚು ಕಷ್ಟ ಅನ್ನುವುದಾದರೆ ಮಂಡ್ಯವೇ ಇರಲಿ. ಕಲೆಕ್ಟರ್ ಕಚೇರಿ, ಜಿಲ್ಲಾ ಪಂಚಾಯಿತಿ, ಕೋರ್ಟು, ಎಪಿಎಂಸಿ ಎಲ್ಲ ಅಲ್ಲೇ ಇವೆ.

ಇಂಗ್ಲಿಷ್ ವಿಷಯಕ್ಕೆ ಬರೋಣ. ಇಂಗ್ಲಿಷ್ ಮಾತಾಡಲು ಬರದಿದ್ದರೂ ಕನ್ನಡ ಪತ್ರಿಕೋದ್ಯಮ ನಡೆಯುತ್ತದೆ. ಓದಲು ಬರದಿದ್ದರೆ ನಡೆಯುವುದಿಲ್ಲ. ಹೈಕೋರ್ಟ್ ತೀರ್ಪು, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ, ಟೆಂಡರ್ ಕಾಗದ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಕನ್ನಡ ಪತ್ರಿಕೆಗಳಲ್ಲಿ ಟ್ರೈನಿಗಳನ್ನು ತೆಗೆದುಕೊಳ್ಳುವಾಗ ಕೊಡುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸುದ್ದಿ ಏಜೆನ್ಸಿಯ ಇಂಗ್ಲಿಷ್ ಕಾಪಿಯೊಂದನ್ನು ಕನ್ನಡ ಮಾಡಲು ಕೇಳುತ್ತಾರೆ. ಅಲ್ಲಿ ಬೀಳುವವರೇ ಬಹಳ. ಅದಕ್ಕೆ ಕೋಚಿಂಗ್ ಬೇಡ. ಮೈಸೂರಿನ ಒಂದೇ ಘಟನೆ ‘ಸ್ಟಾರ್ ಆಫ್ ಮೈಸೂರ್’ ಮತ್ತು ‘ಮೈಸೂರು ಮಿತ್ರ’ ಎರಡರಲ್ಲೂ ಹೇಗೆ ಬಂದಿದೆ ಅಂತ ದಿನಕ್ಕೊಂದು ಸುದ್ದಿ ಪಕ್ಕಪಕ್ಕ ಇಟ್ಟು ಓದಿ. ಮೊದಲು ಇಂಗ್ಲಿಷ್ ಓದಿ, ನಿಮ್ಮ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಕನ್ನಡ ಪತ್ರಿಕೆ ತೆರೆಯಿರಿ. ‘ಘಟನೆಗೆ ಸಂಬಂಧಿಸಿದಂತೆ ಪ್ರಕರಣವೊಂದನ್ನು ದಾಖಲಿಸಲಾಗಿದೆ’ ಅಂತ ನೀವು ಬರೆದಿದ್ದರೆ ‘ಪ್ರಕರಣ ದಾಖಲಾಗಿದೆ’ ಸಾಕು ಅಂತ ನಿಮಗೇ ಗೊತ್ತಾಗುತ್ತದೆ. ಇದರ ಜೊತೆಗೆ ಕಂಪ್ಯೂಟರಿನಲ್ಲಿ ನುಡಿ ಕೀಲಿಮಣೆ ಕಲಿಯಿರಿ. ಫೋನಿಗೆ ಮಾತಾಡಿ ಟೈಪ್ ಮಾಡಿಸುವುದು ಡೆಡ್‌ಲೈನ್ ಹೊತ್ತಿನಲ್ಲಿ ಕೈಕೊಡುತ್ತದೆ.

ಮನೆಯವರು ಹೇಳುವ ಸಂಬಳದ ಮಾತು ಸುಳ್ಳಲ್ಲ. ಮೊದಲ ಎರಡು ಮೂರು ವರ್ಷ ನಿಮ್ಮ ಜೊತೆ ಓದಿದ ಹುಡುಗಿ ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ದುಡಿಯುವುದಕ್ಕಿಂತ ಕಮ್ಮಿಯೇ ನಿಮಗೆ ಸಿಗುತ್ತದೆ. ಅದರಲ್ಲೂ ತಾಲ್ಲೂಕು ವರದಿಗಾರಿಕೆಗೆ ಯಾರಾದರೂ ಕರೆದರೆ ಹುಷಾರಾಗಿರಿ. ಬಹಳ ಕಡೆ ಅರೆಕಾಲಿಕ ವರದಿಗಾರರಿಗೆ, ಅಂದರೆ ಸ್ಟ್ರಿಂಗರ್‌ಗಳಿಗೆ, ತಿಂಗಳ ಸಂಬಳ ಅಂತ ಇರುವುದಿಲ್ಲ. ಗೌರವಧನ ಅಂತ ಸ್ವಲ್ಪ ಕೊಟ್ಟು ಜಾಹೀರಾತಿಗೆ ಕಮಿಷನ್ ಅನ್ನುತ್ತಾರೆ. ಹಬ್ಬಕ್ಕೆ, ಶಾಸಕರ ಹುಟ್ಟುಹಬ್ಬಕ್ಕೆ ಇಷ್ಟು ಜಾಹೀರಾತು ತರಬೇಕು ಅಂತ ಟಾರ್ಗೆಟ್ ಇರುತ್ತದೆ. ಬೆಳಿಗ್ಗೆ ಯಾರ ಹತ್ತಿರ ಜಾಹೀರಾತು ಕೇಳಿದಿರೋ ಸಂಜೆ ಅವರ ವಿರುದ್ಧ ಬರೆಯುವುದು ಹೇಗೆ? ನಮ್ಮ ಕಡೆ ‘ರೋಲ್‌ಕಾಲ್’ ಅಂತ ಜನ ಬೈಯುವ ವಸೂಲಿಗೆ ಕೆಟ್ಟ ಮನುಷ್ಯರೇ ಕಾರಣ ಅಂತ ಅಲ್ಲ, ಅರ್ಧ ಕಾರಣ ಈ ವ್ಯವಸ್ಥೆ. ಸೇರುವ ಮೊದಲೇ ಬಾಯಿಬಿಟ್ಟು ಕೇಳಿ: ಸಂಬಳ ಎಷ್ಟು, ಯಾವ ತಾರೀಕಿಗೆ, ನೇಮಕಾತಿ ಪತ್ರ ಕೊಡುತ್ತೀರಾ, ಜಾಹೀರಾತು ತರಬೇಕಾ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೇ ಉತ್ತರ.

ಪ್ರೆಸ್‌ಮೀಟ್‌ಗಳಲ್ಲಿ ದುಡ್ಡಿನ ಕವರ್ ಕೊಡುವವರೂ ಸಿಗುತ್ತಾರೆ. ಮೊದಲನೇ ಸಲವೇ ಬೇಡ ಅಂದುಬಿಡಿ. ಎರಡನೇ ಸಲ ಬೇಡ ಅನ್ನುವುದು ಕಷ್ಟ.

ರಾತ್ರಿ ಡ್ಯೂಟಿ ಬಗ್ಗೆ ಅಪ್ಪ, ಅಮ್ಮನಿಗೆ ಹೀಗೆ ಹೇಳಿ. ಡೆಸ್ಕಿನಲ್ಲಿ ಪುಟ ಮುಗಿಯುವುದು ರಾತ್ರಿಯೇ, ಅದನ್ನು ಮುಚ್ಚಿಡುವುದು ಬೇಡ. ವರದಿಗಾರಿಕೆಯಲ್ಲಿ ಹಗಲು ಕೆಲಸ ಜಾಸ್ತಿ. ಹೆಣ್ಣುಮಕ್ಕಳಿಗೆ ತಡರಾತ್ರಿ ಮನೆಗೆ ಬಿಡಲು ವಾಹನ ಇದೆಯಾ ಅಂತ ಸಂದರ್ಶನದಲ್ಲೇ ಕೇಳುವುದು ತಪ್ಪಲ್ಲ. 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಗೋಡೆ ಮೇಲೆ ಹಾಕಿದ್ದಾರಾ ನೋಡಿ. ನಿಮ್ಮನ್ನು ‘ಹುಡುಗಿ ಅಲ್ವಾ’ ಅಂತ ಫಲಪುಷ್ಪ ಪ್ರದರ್ಶನ, ರಂಗೋಲಿ ಸ್ಪರ್ಧೆಗೇ ಕಳಿಸುತ್ತಾ ಇದ್ದರೆ ಅದಕ್ಕೂ ಜಗಳ ಆಡಬೇಕಾಗುತ್ತದೆ. ನೀರಾವರಿ ಬೀಟ್, ಅಂದರೆ ನೀರಾವರಿ ಸುದ್ದಿಯ ಹೊಣೆ, ನನಗೆ ಗೊತ್ತು, ನನಗೆ ಕೊಡಿ ಅಂತ ಕೇಳಿ. ಗೊತ್ತಿದೆ ಅನ್ನುವುದಕ್ಕೆ ನಾಲ್ಕು ವರದಿ ಕೈಯಲ್ಲಿರಲಿ.

ಯೂಟ್ಯೂಬ್ ಚಾನೆಲ್ ಮಾಡಬೇಡಿ ಅನ್ನುವುದಿಲ್ಲ. ಒಳ್ಳೆಯ ಕೆಲಸ ಮಾಡುತ್ತಿರುವ ಚಾನೆಲ್‌ಗಳಿವೆ. ಆದರೆ ಹದಿನೆಂಟು ವರ್ಷಕ್ಕೆ ಲೋಗೊ ಇರುವ ಮೈಕ್ ಹಿಡಿದರೆ ನಿಮ್ಮ ಕಾಪಿ ತಿದ್ದುವವರು ಯಾರೂ ಇರುವುದಿಲ್ಲ. ತಪ್ಪಾದರೆ ನೇರ ನಿಮ್ಮ ತಲೆ ಮೇಲೆ. ಒಂದು ಉದಾಹರಣೆ ಸಾಕು. ಅಪ್ರಾಪ್ತ ಬಾಲಕಿಯ ಮೇಲೆ ದೌರ್ಜನ್ಯ ಆದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೆಸರು ಹಾಕುವುದಿಲ್ಲ. ಊರು, ಶಾಲೆ, ತರಗತಿ, ಅಪ್ಪನ ಅಂಗಡಿ ಎಲ್ಲ ಹಾಕುತ್ತಾರೆ! ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು ಮಾತ್ರ ಅಲ್ಲ, ಮನೆ, ಶಾಲೆ, ಕುಟುಂಬ, ನೆರೆಹೊರೆ, ಮಗುವಿನ ಗುರುತು ಹಿಡಿಯಲು ಆಗುವ ಯಾವುದನ್ನೂ ಹಾಕಬಾರದು ಅನ್ನುತ್ತದೆ. ಹಾಕಿದರೆ ಜೈಲು ಶಿಕ್ಷೆಯೂ ಆಗಬಹುದು. ಇಂಥದ್ದನ್ನು ಒಬ್ಬ ಹಳೇ ಸಬ್‌ ಎಡಿಟರ್ ಕೈಕೆಳಗೆ ಕಲಿತರೆ ಆಮೇಲೆ ಚಾನೆಲ್ ಯಾವಾಗ ಬೇಕಾದರೂ ಮಾಡಬಹುದು. ವಿಡಿಯೊ ತೆಗೆಯುವುದು, ಕತ್ತರಿಸುವುದು ಈಗಲೇ ಕಲಿಯಿರಿ. ಅದು ಪತ್ರಿಕೆಯಲ್ಲೂ ಬೇಕು.

ಡಿಗ್ರಿ ಓದುವಾಗಲೇ ಮಾಹಿತಿ ಹಕ್ಕಿನ, ಅಂದರೆ ಆರ್‌ಟಿಐ ಅರ್ಜಿ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಇದು ಕಿರಿಕಿರಿಯ ನಿಯಮವೇ. ಆದರೆ ಬೇಕಾದದ್ದನ್ನು ಬಿಗಿಯಾಗಿ ಕೇಳಲು ಕಲಿಸುತ್ತದೆ. ‘ನಾಲೆ ಕಾಮಗಾರಿಯ ಸಂಪೂರ್ಣ ಮಾಹಿತಿ ಕೊಡಿ’ ಅಂದರೆ ಏನೂ ಬರುವುದಿಲ್ಲ. ‘ಇಂಥ ವಿತರಣಾ ನಾಲೆಯ ಹೂಳು ತೆಗೆಯಲು ಇಂಥ ವರ್ಷ ಕೊಟ್ಟ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪುಟಗಳು, ಪಾವತಿ ಬಿಲ್’ ಅಂತ ಕೇಳಿ.

ಈಗ ನಿಮ್ಮ ಬರಹ. ಮೊದಲ ಮೂರು ಪ್ಯಾರಾ ತೆಗೆದುಹಾಕಿ. ‘ನೀರು ಸಕಲ ಜೀವಿಗಳಿಗೆ ಅಮೃತ’ ಅಂತ ಶುರುವಾಗುತ್ತದೆ, ಎರಡನೇ ಪ್ಯಾರಾದಲ್ಲಿ ಕಾವೇರಿ ತಾಯಿ, ಮೂರನೆಯದರಲ್ಲಿ ಅನ್ನದಾತನ ಕಣ್ಣೀರು. ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬರಬಹುದು, ಜಿಲ್ಲಾ ಪುಟದಲ್ಲಿ ಜಾಗ ಸಿಗುವುದಿಲ್ಲ. ನಾಲ್ಕನೇ ಪ್ಯಾರಾದ ನಡುವೆ ಒಂದು ಸಾಲು ಇದೆ: ‘ಈ ಸಲ ನೀರು ಬಿಟ್ಟು ಹನ್ನೆರಡು ದಿನವಾದರೂ ನಮ್ಮ ತೂಬಿಗೆ ಹನಿ ಬಂದಿಲ್ಲ, ಒಟ್ಲು ಕೆಂಪಗಾಗಿದೆ.’ ನಿಮ್ಮ ಸುದ್ದಿ ಇದು. ಅದನ್ನು ಮೇಲಕ್ಕೆ ತನ್ನಿ. ಹೀಗೆ:

‘ಮದ್ದೂರು: ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟು 12 ದಿನ ಕಳೆದರೂ ಕೊನೇ ಭಾಗದ ತೂಬುಗಳಿಗೆ ನೀರು ತಲುಪಿಲ್ಲ. ಭತ್ತದ ಒಟ್ಲು ಒಣಗುತ್ತಿದ್ದು, ನಾಟಿಯೇ ಕೈತಪ್ಪುವ ಆತಂಕದಲ್ಲಿ ರೈತರಿದ್ದಾರೆ.’

ಇದರ ಕೆಳಗೆ ಏನೇನು ಬೇಕು ನೋಡಿ. ಊರಿನ ಹೆಸರು ಬರಬೇಕು. ಎಷ್ಟು ಎಕರೆ, ಆ ಲೆಕ್ಕ ಯಾರು ಕೊಟ್ಟರು ಅಂತ ಬರಬೇಕು. ‘ಸಾವಿರಾರು ಎಕರೆ’ ಅಂತ ಬರೆದಿದ್ದೀರಿ, ಎಣಿಸಿದವರು ಯಾರು? ಕನಿಷ್ಠ ಮೂರು ಜನ ರೈತರ ಮಾತು ಇರಲಿ, ಅದರಲ್ಲಿ ನಿಮ್ಮ ಅಪ್ಪ ಬೇಡ. ನಿಮ್ಮ ಜಮೀನೂ ಅದೇ ತೂಬಿನ ಕೆಳಗಿದ್ದರೆ ಕಳಿಸುವಾಗ ಅದನ್ನು ಸಂಪಾದಕರಿಗೆ ಮೊದಲೇ ಹೇಳಿ. ಆಮೇಲೆ ಬೇರೆಯವರು ಹೇಳಿ ಗೊತ್ತಾದರೆ ಸುದ್ದಿ ನಿಜವಿದ್ದರೂ ನಿಮ್ಮನ್ನು ನಂಬುವುದಿಲ್ಲ. ಮೇಲಿನವರು ಪಂಪ್ ಇಟ್ಟು ನೀರು ಎತ್ತುತ್ತಿದ್ದಾರೆ ಅಂತ ಬರೆದಿದ್ದೀರಿ. ನೀವು ಕಣ್ಣಾರೆ ನೋಡಿದ್ದರೆ ಎಲ್ಲಿ, ಯಾವತ್ತು ಅಂತ ಬರೆಯಿರಿ, ಫೋಟೊ ಇರಲಿ. ಕೇಳಿದ್ದಾದರೆ ಹೇಳಿದವರ ಹೆಸರು ಹಾಕಿ, ಮೇಲಿನ ಊರಿನ ರೈತರನ್ನೂ ಕೇಳಿ. ಅವರದೂ ಒಂದು ಕಥೆ ಇರುತ್ತದೆ.

ಬಹಳ ಮುಖ್ಯವಾದದ್ದು ಪೂರ್ತಿ ಬಿಟ್ಟುಹೋಗಿದೆ. ಕಾವೇರಿ ನೀರಾವರಿ ನಿಗಮದ ಎಂಜಿನಿಯರ್ ಏನಂತಾರೆ? ಈ ಕಟ್ಟಿನಲ್ಲಿ ಎಷ್ಟು ದಿನ ನೀರು, ನಿಮ್ಮ ಭಾಗಕ್ಕೆ ಯಾವ ತಾರೀಕು ಅಂತ ವೇಳಾಪಟ್ಟಿ ಇದೆಯಾ? ಹೂಳು ತೆಗೆದಿದ್ದಾರಾ? ಮೊದಲು ನಾಲೆ ನೀರು ಹಂಚುವ ನೀರುಗಂಟಿಯನ್ನು ಮಾತಾಡಿಸಿ, ಎಲ್ಲಿ ಕಟ್ಟಿಕೊಂಡಿದೆ ಅಂತ ಅವರಿಗೆ ಗೊತ್ತಿರುತ್ತದೆ. ಆಮೇಲೆ ಎಂಜಿನಿಯರ್ ಕಚೇರಿಗೆ ಹೋಗಿ. ಫೋನ್ ಎತ್ತದಿದ್ದರೆ ಯಾವತ್ತು, ಎಷ್ಟು ಗಂಟೆಗೆ ಮಾಡಿದಿರಿ ಅಂತ ಬರೆದಿಟ್ಟುಕೊಳ್ಳಿ. ‘ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಿದ್ದಾರೆ’ ಅನ್ನೋ ನಿಮ್ಮ ಕೊನೇ ಸಾಲಿಗಿಂತ ‘ಎರಡು ದಿನ ಕರೆ ಮಾಡಿದರೂ ಸ್ವೀಕರಿಸಲಿಲ್ಲ’ ಅನ್ನುವುದು ಜಾಸ್ತಿ ಚುರುಕು ಮುಟ್ಟಿಸುತ್ತದೆ.

ಎಲ್ಲ ಸೇರಿ 250 ಪದ ಸಾಕು. ಒಣಗಿದ ಒಟ್ಲಿನ ಒಂದು ಫೋಟೊ, ಖಾಲಿ ತೂಬಿನ ಒಂದು ಫೋಟೊ, ಅಡ್ಡಕ್ಕೆ ಹಿಡಿದು ತೆಗೆದದ್ದು. ನೀವು ಓದುವ ಪತ್ರಿಕೆಯ ಮಂಡ್ಯ ಬ್ಯೂರೋಗೆ ಕಳಿಸಿ, ಮಧ್ಯಾಹ್ನದೊಳಗೆ ಕಳಿಸಿದರೆ ಓದುವಷ್ಟು ಪುರುಸೊತ್ತು ಅವರಿಗೆ ಇರುತ್ತದೆ. ಕಾಲೇಜು ಶುರುವಾಗಲಿ ಅಂತ ಕಾಯಬೇಡಿ. ನೀರು ಬಂದ ಮೇಲೆ ಕಳಿಸಿದರೆ ಯಾರೂ ಹಾಕುವುದಿಲ್ಲ.